ಚೀನಾ ಹಣ ಕೊಡುತ್ತದೆ, ಪ್ಯಾನೆಲ್ ಕೊಡುತ್ತದೆ. ಲೆಕ್ಕ ಕೊಡುತ್ತದಾ?

ಹಳೇರೇಡಿಯೊ

ಹೋದ ವಾರ ನಮ್ಮ ಈ ಚರ್ಚಾ ವೇದಿಕೆಯಲ್ಲಿ ನಡೆದ ಜಗಳ ಪೂರ್ತಿ ಓದಿದೆ. ಅಮೆರಿಕ ಕೈ ಬಿಟ್ಟಿತು, ಇನ್ನು ಜಗತ್ತಿನ ಯಜಮಾನಿಕೆ ಚೀನಾದ್ದೇ ಅಂತ ಒಂದು ಗುಂಪು. ಚೀನಾ ಕೊಡುವುದೆಲ್ಲ ಗಾಳ, ನುಂಗಿದವನ ಕಥೆ ಮುಗಿಯಿತು ಅಂತ ಇನ್ನೊಂದು ಗುಂಪು. ಎರಡು ಕಡೆಯವರೂ ಜೋರಾಗಿ ಕೂಗಿದ್ದೇ ಬಂತು. ಅದಕ್ಕೇ ಹೊಸದಾಗಿ ಶುರು ಮಾಡುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. 1971ರವರೆಗೆ ವಿಶ್ವಸಂಸ್ಥೆಯಲ್ಲಿ ಬೀಜಿಂಗ್ ಸರ್ಕಾರಕ್ಕೆ ಕುರ್ಚಿಯೇ ಇರಲಿಲ್ಲ. ಈಗ ಅದರ ಸಾಮಾನ್ಯ ಬಜೆಟ್‌ನಲ್ಲಿ ಚೀನಾದ ಪಾಲು ಸುಮಾರು ಶೇ 20, ಅಮೆರಿಕದ್ದು ಶೇ 22. ನಮ್ಮದು ಶೇ 1ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2025ರ ಜನವರಿಯಲ್ಲಿ ಅಮೆರಿಕ ಹವಾಮಾನದ ಪ್ಯಾರಿಸ್ ಒಪ್ಪಂದ ಬಿಡುತ್ತೇನೆ, ವಿಶ್ವ ಆರೋಗ್ಯ ಸಂಸ್ಥೆಯನ್ನೂ ಬಿಡುತ್ತೇನೆ ಎಂದಿತು. ಮೇ ತಿಂಗಳಲ್ಲಿ ಚೀನಾ ಅದೇ ಆರೋಗ್ಯ ಸಂಸ್ಥೆಗೆ ಐದು ವರ್ಷದಲ್ಲಿ 50 ಕೋಟಿ ಡಾಲರ್ ಕೊಡುವುದಾಗಿ ಹೇಳಿತು. ಖಾಲಿ ಕುರ್ಚಿ ಕಂಡರೆ ಯಾರಾದರೂ ಕೂರುತ್ತಾರೆ, ಅದರಲ್ಲಿ ಆಶ್ಚರ್ಯ ಏನಿಲ್ಲ.

ನನ್ನ ತಲೆ ತಿನ್ನುತ್ತಿರುವುದು ಬೇರೆ ವಿಷಯ. ಸಿಎಫ್‌ಸಿ-11 ಅಂತ ಒಂದು ಅನಿಲ ಇದೆ. ಫೋಮ್ ಉಬ್ಬಿಸುವುದಕ್ಕೆ ಬಳಸುತ್ತಿದ್ದರು. ಓಝೋನ್ ಪದರವನ್ನು ಹಾಳು ಮಾಡುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 2010ರ ಹೊತ್ತಿಗೆ ಇದರ ತಯಾರಿಕೆ ಎಲ್ಲ ದೇಶಗಳಲ್ಲೂ ನಿಲ್ಲಬೇಕಿತ್ತು. ಕಾಗದದ ಮೇಲೆ ನಿಂತೂ ಇತ್ತು. ಗಾಳಿಯಲ್ಲಿ ಮಾತ್ರ ನಿಂತಿರಲಿಲ್ಲ. ಹವಾಯಿ ದ್ವೀಪವೂ ಸೇರಿದಂತೆ ದೂರ ದೂರದ ಕೇಂದ್ರಗಳಲ್ಲಿ ಅಳೆದಿದ್ದ ಅಂಕಿ ಇಟ್ಟುಕೊಂಡು ವಿಜ್ಞಾನಿಗಳು 2018ರಲ್ಲಿ ಹೇಳಿದರು: 2012ರ ನಂತರ ಯಾರೋ ಇದನ್ನು ಹೊಸದಾಗಿ ಬಿಡುತ್ತಿದ್ದಾರೆ. ಎಲ್ಲಿ ಅಂದರೆ ಪೂರ್ವ ಏಷ್ಯಾದ ಕಡೆ ಎಲ್ಲೋ. ಮುಂದಿನ ವರ್ಷ ದಕ್ಷಿಣ ಕೊರಿಯಾದ ಜೆಜು ದ್ವೀಪದ ಗೋಸಾನ್, ಜಪಾನಿನ ಹತೆರುಮಾ, ಈ ಎರಡು ಕೇಂದ್ರಗಳ ಅಳತೆ ಹಿಡಿದು, ಗಾಳಿ ಯಾವ ದಿನ ಯಾವ ಕಡೆಯಿಂದ ಬೀಸಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋದರು. ಜಾಡು ಹೋಗಿ ನಿಂತಿದ್ದು ಚೀನಾದ ಶಾಂಡೊಂಗ್ ಮತ್ತು ಹೆಬೇ ಪ್ರಾಂತ್ಯಗಳಲ್ಲಿ.

ಆಮೇಲೆ? ಚೀನಾ ಸರ್ಕಾರ ತಪಾಸಣೆ ಬಿಗಿ ಮಾಡಿತು. 2021ರಲ್ಲಿ ಬಂದ ಅಧ್ಯಯನಗಳು 2019ರ ಹೊತ್ತಿಗೇ ಬಿಡುಗಡೆ ಚೆನ್ನಾಗಿ ಇಳಿದಿತ್ತು ಅಂತ ತೋರಿಸಿದವು. ಯುದ್ಧ ಇಲ್ಲ, ನಿರ್ಬಂಧ ಇಲ್ಲ, ಟಿವಿ ಚರ್ಚೆ ಅಂತೂ ಇಲ್ಲವೇ ಇಲ್ಲ. ಪಕ್ಕದ ಮನೆಯವರು ಅಳೆಯುವ ಸಾಧನ ಇಟ್ಟುಕೊಂಡಿದ್ದರು, ಇವರು ಸರಿಪಡಿಸಿದರು.

ಅದಕ್ಕೇ ನನ್ನ ವಾದ ಇಷ್ಟು. ಬೆಳೆಯುತ್ತಿರುವ ದೇಶ ಎಷ್ಟು ಕೋಟಿ ಕೊಟ್ಟಿತು, ಎಷ್ಟು ಸೇತುವೆ ಕಟ್ಟಿತು ಅಂತ ಎಣಿಸುತ್ತಾ ಕೂತರೆ ಏನೂ ಗೊತ್ತಾಗುವುದಿಲ್ಲ. ತನ್ನ ಅಂಗಳದಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಬೇರೆಯವರು ಅಳೆದು ನೋಡಲು ಬಿಡುತ್ತದಾ? ಬಿಟ್ಟ ಕಡೆ ಸಹಕಾರ ನಡೆದಿದೆ. ಬಿಡದ ಕಡೆ ಕೆಟ್ಟಿದೆ. ತಪ್ಪಿದ್ದರೆ ತಿದ್ದಿ.

ಎರಡನೇಬೆಂಚು

ಸರ್, ನೀವೇ ಹೇಳಿದ ಕಥೆಯಲ್ಲಿ ಚೀನಾ ಎಲ್ಲಿ "ಬಿಟ್ಟಿತು"? ಕೊರಿಯಾದವರು ತಮ್ಮ ದ್ವೀಪದಲ್ಲಿ ಕೂತು ಅಳೆದರು. ಗಾಳಿಗೆ ವೀಸಾ ಬೇಕಾಗಿಲ್ಲ. ಬಚ್ಚಿಡುವುದಕ್ಕೆ ಆಗಲಿಲ್ಲ, ಅದಕ್ಕೇ ಸರಿ ಮಾಡಿದರು.

ಹಳೇರೇಡಿಯೊ

ಹ್ಞಾಂ, ಅದು ನಿಜ. ಈ ಪಾಯಿಂಟ್ ನನಗೆ ಹೊಳೆದಿರಲಿಲ್ಲ. ಆದರೂ ಒಂದು ಮಾತು ಸೇರಿಸುತ್ತೇನೆ. ಮಾಂಟ್ರಿಯಲ್ ಒಪ್ಪಂದಕ್ಕೆ 1991ರಿಂದ ಒಂದು ನಿಧಿ ಇದೆ. ಬಡ ದೇಶಗಳ ಕಾರ್ಖಾನೆಗಳು ಹಳೇ ಅನಿಲ ಬಿಟ್ಟು ಹೊಸದಕ್ಕೆ ಬದಲಾಗಲು ಶ್ರೀಮಂತ ದೇಶಗಳು ಅದಕ್ಕೆ ಹಣ ಹಾಕುತ್ತವೆ. ಅದರಿಂದ ಎಲ್ಲರಿಗಿಂತ ಜಾಸ್ತಿ ಪಡೆದದ್ದು ಚೀನಾ. ಹಣ ತಗೊಂಡ ಮೇಲೆ ಲೆಕ್ಕ ಕೇಳುವ ಹಕ್ಕು ಕೊಟ್ಟವರಿಗೆ ಇರುತ್ತದೆ, ತಗೊಂಡವರಿಗೂ ಅದು ಗೊತ್ತಿರುತ್ತದೆ. ಸುಮ್ನೆ ಕದ್ದು ಅಳೆದಿದ್ದರೆ ಇಷ್ಟು ಬೇಗ ಸರಿ ಆಗುತ್ತಿತ್ತಾ ಅನ್ನುವುದು ನನ್ನ ಅನುಮಾನ.

ಬಿಸಿಲುಕೋಲು

ನಾನು ಸೋಲಾರ್ ಕೂರಿಸುವ ಕೆಲಸದವನು. ಹನ್ನೆರಡು ವರ್ಷ ಆಯಿತು. ನೀವೆಲ್ಲ ಒಪ್ಪಂದ, ನಿಧಿ ಅಂತ ಮಾತಾಡುತ್ತೀರಿ, ನಾನು ಛಾವಣಿ ಮೇಲಿಂದ ಹೇಳುತ್ತೇನೆ. ಜಗತ್ತಿನ ಹವಾಮಾನಕ್ಕೆ ಈ ಹತ್ತು ವರ್ಷದಲ್ಲಿ ಯಾರಾದರೂ ದೊಡ್ಡ ಉಪಕಾರ ಮಾಡಿದ್ದರೆ ಅದು ಚೀನಾದ ಪ್ಯಾನೆಲ್ ಕಾರ್ಖಾನೆಗಳು. ಉಪಕಾರ ಮಾಡಬೇಕು ಅಂತ ಮಾಡಿದ್ದಲ್ಲ, ಲಾಭಕ್ಕೆ ಮಾಡಿದ್ದು, ಒಬ್ಬರ ಮೇಲೆ ಒಬ್ಬರು ಬಿದ್ದು ರೇಟ್ ಇಳಿಸಿ ಅರ್ಧ ಜನ ನಷ್ಟಕ್ಕೂ ಹೋದರು. ಆದರೆ ಫಲ ಎಲ್ಲರಿಗೂ ಸಿಕ್ಕಿತು. ನಾನು ಕೆಲಸಕ್ಕೆ ಸೇರಿದಾಗಿನ ರೇಟ್ ಈಗ ಹೇಳಿದರೆ ಗಿರಾಕಿಗಳು ನಗುತ್ತಾರೆ.

ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಶೇ 80ಕ್ಕಿಂತ ಜಾಸ್ತಿ ಅವರ ಕೈಯಲ್ಲಿದೆ. 2024 ಒಂದೇ ವರ್ಷದಲ್ಲಿ ಚೀನಾ ತನ್ನಲ್ಲಿ ಕೂರಿಸಿದ್ದು ಸುಮಾರು 277 ಗಿಗಾವಾಟ್. ನಾವು ಇಷ್ಟು ವರ್ಷ ಸೇರಿಸಿ ಒಟ್ಟು 100 ಗಿಗಾವಾಟ್ ಮುಟ್ಟಿದ್ದು 2025ರ ಜನವರಿಯಲ್ಲಿ. ಪಾಕಿಸ್ತಾನ ನೋಡಿ, 2024ರಲ್ಲಿ ಸುಮಾರು 17 ಗಿಗಾವಾಟ್ ಪ್ಯಾನೆಲ್ ತರಿಸಿಕೊಂಡಿದೆ. ಅಲ್ಲಿ ಯಾವ ಶೃಂಗಸಭೆಯೂ ಅದನ್ನು ಮಾಡಿಸಲಿಲ್ಲ. ಕರೆಂಟ್ ಬಿಲ್ ಏರಿತು, ಪ್ಯಾನೆಲ್ ಅಗ್ಗ ಇತ್ತು, ಜನ ತಾವೇ ಹೋಗಿ ತಂದು ಹಾಕಿಸಿಕೊಂಡರು.

ಇದಕ್ಕೆ ಲೆಕ್ಕ ತೋರಿಸು ಅಂದರೆ ಏನು ತೋರಿಸಬೇಕು ಹೇಳಿ?

ಎರಡನೇಬೆಂಚು

ಕಲ್ಲಿದ್ದಲು?

ಬಿಸಿಲುಕೋಲು

ಬರುತ್ತೆ ಅಂತ ಗೊತ್ತಿತ್ತು. ಹೌದು, ಜಗತ್ತು ಸುಡುವ ಕಲ್ಲಿದ್ದಲಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ ಸುಡುತ್ತಾರೆ. ಅದೇ 2024ರಲ್ಲಿ 90 ಗಿಗಾವಾಟ್‌ಗೂ ಹೆಚ್ಚು ಹೊಸ ಕಲ್ಲಿದ್ದಲು ಸ್ಥಾವರಗಳ ಕೆಲಸ ಶುರು ಮಾಡಿದ್ದಾರೆ. ಹತ್ತು ವರ್ಷದಲ್ಲೇ ಜಾಸ್ತಿ. ಎಡಗೈ ಬಲಗೈ ಎರಡೂ ಜೋರಾಗಿ ಓಡುತ್ತಿವೆ. ಇದನ್ನು ನಾನು ಮುಚ್ಚಿಡುತ್ತಿಲ್ಲ.

ಹಳೇರೇಡಿಯೊ

ಲೆಕ್ಕದ ಪ್ರಶ್ನೆ ಇಲ್ಲಿಯೂ ಇದೆ, ಬಿಸಿಲುಕೋಲು ಅವರೇ. 1992ರಲ್ಲಿ ಹವಾಮಾನ ಒಪ್ಪಂದ ಬರೆದಾಗ ಯಾರು ಶ್ರೀಮಂತರು, ಯಾರು ಅಭಿವೃದ್ಧಿಶೀಲರು ಅಂತ ಪಟ್ಟಿ ಮಾಡಿದರು. ಚೀನಾ ಆಗ ಬಡವರ ಸಾಲಿನಲ್ಲಿ ಕೂತಿತು, ಆಗ ಅದು ಸರಿಯೂ ಆಗಿತ್ತು. ಈಗ ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಅವರದು. ತಲಾ ಲೆಕ್ಕ ಹಾಕಿದರೂ ಯುರೋಪ್ ಒಕ್ಕೂಟದವರಿಗಿಂತ ಮೇಲೆ ಹೋಗಿದ್ದಾರೆ. ಕೂತಿರುವುದು ಮಾತ್ರ ಹಳೇ ಸಾಲಿನಲ್ಲೇ. 2024ರಲ್ಲಿ ಬಾಕುವಿನ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ನೆರವು ಅಂತ ತೀರ್ಮಾನ ಆಯಿತಲ್ಲ, ಅದರಲ್ಲಿ ಚೀನಾದ ಪಾಲು "ಸ್ವಇಚ್ಛೆಯಿಂದ". ಕೊಡುವುದಿಲ್ಲ ಎಂದಲ್ಲ, ಕೊಡುತ್ತಾರೆ. ಆದರೆ ಕೊಡಲೇಬೇಕು ಅಂತ ಯಾರೂ ಹೇಳುವ ಹಾಗಿಲ್ಲ.

ಒಂದು ಬದಲಾವಣೆ ಮಾತ್ರ ಗಮನಿಸಬೇಕಾದ್ದು. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಹೊಸ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ದೇಶದ ವಿಶೇಷ ರಿಯಾಯಿತಿ ಕೇಳುವುದಿಲ್ಲ ಅಂತ ಚೀನಾ ಹೇಳಿತು. ಅದೇ ವಾರ, 2035ರ ಹೊತ್ತಿಗೆ ಹಸಿರುಮನೆ ಅನಿಲಗಳನ್ನು ಗರಿಷ್ಠ ಮಟ್ಟದಿಂದ ಶೇ 7ರಿಂದ 10 ಇಳಿಸುವುದಾಗಿಯೂ ಹೇಳಿತು. ಇಷ್ಟು ದಿನ ಇಳಿಸುತ್ತೇವೆ ಅಂತ ನೇರ ಅಂಕಿಯೇ ಕೊಟ್ಟಿರಲಿಲ್ಲ. ಆದರೆ ಆ "ಗರಿಷ್ಠ ಮಟ್ಟ" ಎಷ್ಟು, ಯಾವ ವರ್ಷದ್ದು ಅನ್ನುವುದನ್ನು ಹೇಳಿಲ್ಲ. ಎಲ್ಲಿಂದ ಇಳಿಯುತ್ತೇನೆ ಅಂತ ಹೇಳದೆ ಎಷ್ಟು ಮೆಟ್ಟಿಲು ಇಳಿಯುತ್ತೇನೆ ಅಂತ ಮಾತ್ರ ಹೇಳಿದ ಹಾಗೆ.

ಮೂಗುತೂರಿಸುವವ

ನೀವೆಲ್ಲ ಗಲ್ವಾನ್ ಮರೆತುಬಿಟ್ಟಿರಾ? 2020ರಲ್ಲಿ ನಮ್ಮ 20 ಯೋಧರು ಹೋದರು. ಇಲ್ಲಿ ಕೂತು ಓಝೋನ್ ಕಥೆ ಹೇಳುತ್ತಿದ್ದೀರಿ.

ಹಳೇರೇಡಿಯೊ

ಮರೆತಿಲ್ಲ. ಮರೆಯುವಂಥದ್ದೂ ಅಲ್ಲ. ಆದರೆ ಜಗಳ ಇದ್ದಾಗಲೂ ಕೆಲವು ಕೆಲಸ ಒಟ್ಟಿಗೆ ಮಾಡಬೇಕಾಗುತ್ತದೆ. ಸಿಡುಬು ಹೇಗೆ ಹೋಯಿತು ನೆನಪು ಮಾಡಿಕೊಳ್ಳಿ. ಜಗತ್ತಿನಿಂದ ಅದನ್ನು ತೆಗೆಯಬೇಕು ಅಂತ 1958ರಲ್ಲಿ ಮೊದಲು ಪ್ರಸ್ತಾಪ ಇಟ್ಟದ್ದು ಸೋವಿಯತ್ ಒಕ್ಕೂಟ. ಕೋಟ್ಯಂತರ ಡೋಸ್ ಒಣ ಲಸಿಕೆ ಕೊಟ್ಟದ್ದೂ ಅವರೇ. 1966ರಿಂದ ಆ ಕಾರ್ಯಕ್ರಮ ನಡೆಸಿದ್ದು ಒಬ್ಬ ಅಮೆರಿಕನ್ ವೈದ್ಯ, ಡಿ. ಎ. ಹೆಂಡರ್ಸನ್. ಮಧ್ಯದಲ್ಲಿ ಕ್ಯೂಬಾದ ಕ್ಷಿಪಣಿ ಗಲಾಟೆ ಆಯಿತು, ವಿಯೆಟ್ನಾಂ ಯುದ್ಧ ಆಯಿತು. ಇಬ್ಬರೂ ಒಬ್ಬರ ಕಡೆ ಒಬ್ಬರು ಅಣುಬಾಂಬ್ ಗುರಿ ಇಟ್ಟುಕೊಂಡೇ ಈ ಕೆಲಸ ಮಾಡಿದರು. ನಮ್ಮ ದೇಶದಲ್ಲಿ ಕೊನೆಯ ಪ್ರಕರಣ 1975ರಲ್ಲಿ. ಸ್ನೇಹ ಇದ್ದರೆ ಮಾತ್ರ ಸಹಕಾರ ಅಂತಿದ್ದರೆ ನಮ್ಮಲ್ಲಿ ಎಷ್ಟೋ ಜನರ ಮುಖದ ಮೇಲೆ ಇನ್ನೂ ಕಲೆ ಇರುತ್ತಿತ್ತು.

ಬಡ್ಡಿಲೆಕ್ಕ

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಟೇಬಲ್‌ನಲ್ಲಿ ಕೂತವನು ನಾನು. ನಿವೃತ್ತಿ ಆದ ಮೇಲೆ ಈ ದೇಶಗಳ ಸಾಲದ ಕಥೆ ಓದುವುದೇ ಚಟ. ಹಳೇರೇಡಿಯೊ ಅವರ ವಾದಕ್ಕೆ ಗಟ್ಟಿ ಸಾಕ್ಷಿ ಇಲ್ಲಿದೆ, ಆದರೆ ಜನ ಸಾಮಾನ್ಯವಾಗಿ ತಪ್ಪು ಸಾಕ್ಷಿ ಹಿಡಿದುಕೊಳ್ಳುತ್ತಾರೆ.

ಎಲ್ಲರೂ ಹಂಬನ್‌ತೋಟ ಬಂದರು ಅನ್ನುತ್ತಾರೆ. ಸಾಲ ತೀರಿಸಲಾಗದ್ದಕ್ಕೆ ಚೀನಾ ಬಂದರು ಕಿತ್ತುಕೊಂಡಿತು ಅಂತ. ನಡೆದದ್ದು ಹಾಗಲ್ಲ. 2017ರಲ್ಲಿ ಶ್ರೀಲಂಕಾ ಬಂದರನ್ನು 99 ವರ್ಷಕ್ಕೆ ಗುತ್ತಿಗೆ ಕೊಟ್ಟು 112 ಕೋಟಿ ಡಾಲರ್ ತಗೊಂಡಿತು. ಆ ದುಡ್ಡು ಬಂದರಿನ ಸಾಲಕ್ಕೆ ವಜಾ ಆಗಲಿಲ್ಲ. ಡಾಲರ್ ಕೊರತೆ ಇತ್ತು, ಮೀಸಲಿಗೆ ಹೋಯಿತು. ಬಂದರು ಕಟ್ಟಿದ ಸಾಲ ಹಾಗೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಅವರು ಕೈ ಎತ್ತಿದಾಗ ಹೊರಗಿನ ಸಾಲದಲ್ಲಿ ದೊಡ್ಡ ಗಂಟು ಇದ್ದದ್ದು ಮಾರುಕಟ್ಟೆಯ ಬಾಂಡ್‌ಗಳಲ್ಲಿ. ಹಾಗಾಗಿ ಸಾಲದ ಬಲೆ ಅನ್ನುವ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ನಿಜವಾದ ತೊಂದರೆ ಸಾಲ ಮುಳುಗಿದ ಮೇಲೆ ಶುರುವಾಗುತ್ತದೆ. ಒಬ್ಬ ಸಾಲಗಾರ, ಹತ್ತು ಬ್ಯಾಂಕು ಅಂದುಕೊಳ್ಳಿ. ಅವನು ದಿವಾಳಿ ಆದರೆ ಹತ್ತೂ ಬ್ಯಾಂಕಿನವರು ಒಂದೇ ಟೇಬಲ್‌ಗೆ ಬಂದು, ನಿನ್ನದೆಷ್ಟು ನನ್ನದೆಷ್ಟು ಅಂತ ಪುಸ್ತಕ ಬಿಚ್ಚಿ, ಎಲ್ಲರೂ ಸಮವಾಗಿ ಕಡಿಮೆ ಮಾಡಿಕೊಳ್ಳಬೇಕು. ಯಾರಾದರೂ ಒಬ್ಬ ಪುಸ್ತಕ ಮುಚ್ಚಿಟ್ಟುಕೊಂಡರೆ ಉಳಿದವರು ಒಂದು ರೂಪಾಯಿಯನ್ನೂ ಬಿಡುವುದಿಲ್ಲ, ಬಿಟ್ಟದ್ದೆಲ್ಲ ಆ ಮುಚ್ಚಿಟ್ಟವನ ಜೇಬಿಗೆ ಹೋಗುತ್ತದೆ ಅಂತ ಭಯ. ದೇಶಗಳ ಸಾಲಕ್ಕೆ ಈ ಟೇಬಲ್ ಪ್ಯಾರಿಸ್ ಕ್ಲಬ್. ಚೀನಾ ಅದರ ಸದಸ್ಯ ಅಲ್ಲ. (ನಾವೂ ಅಲ್ಲ, ಇರಲಿ.) 2021ರಲ್ಲಿ ಸಂಶೋಧಕರು ಚೀನಾ 24 ದೇಶಗಳ ಜೊತೆ ಮಾಡಿಕೊಂಡ 100 ಸಾಲದ ಪತ್ರಗಳನ್ನು ಓದಿದರು. ಸಾಲಗಾರ ದೇಶ ಷರತ್ತುಗಳನ್ನು ಹೊರಗೆ ಹೇಳುವ ಹಾಗಿಲ್ಲ ಅನ್ನುವ ಕಲಂ ಅವುಗಳಲ್ಲಿ ಸಿಕ್ಕಿತು. ಸಾಲ ಕೊಡುವುದು ತಪ್ಪಲ್ಲ, ಗುಟ್ಟಾಗಿ ಕೊಟ್ಟರೆ ಕಷ್ಟ.

ಜಾಂಬಿಯಾ ನೋಡಿ. 2020ರ ನವೆಂಬರ್‌ನಲ್ಲಿ ಕಂತು ತಪ್ಪಿಸಿತು. ಅದೇ ತಿಂಗಳು ಜಿ-20 ದೇಶಗಳು ಇಂಥವರಿಗಾಗಿ ಒಂದು ಸಾಮಾನ್ಯ ಚೌಕಟ್ಟು ಮಾಡಿದವು, ಚೀನಾ ಅದಕ್ಕೆ ಒಪ್ಪಿತ್ತು. ಸರ್ಕಾರಿ ಸಾಲಗಾರರು ಸುಮಾರು 630 ಕೋಟಿ ಡಾಲರ್ ಹಳೇ ಸಾಲದ ಷರತ್ತು ಸಡಿಲಿಸಲು ಒಪ್ಪಿದ್ದು 2023ರ ಜೂನ್‌ನಲ್ಲಿ. ಅದರಲ್ಲಿ ಸುಮಾರು 410 ಕೋಟಿ ಚೀನಾದ್ದೇ. ಎರಡೂವರೆ ವರ್ಷ! ಚೀನಾದ ಯಾವ ಬ್ಯಾಂಕ್ ಸರ್ಕಾರಿ, ಯಾವುದು ವ್ಯಾಪಾರಿ ಅನ್ನುವುದರ ಮೇಲೇ ಎಷ್ಟೋ ಎಳೆದಾಟ. ವಿಶ್ವಬ್ಯಾಂಕೂ ಸಾಲ ಕಡಿತ ಮಾಡಿಕೊಳ್ಳಲಿ ಅಂತ ಚೀನಾದ ಹಟ ಬೇರೆ. ಅಷ್ಟೂ ದಿನ ಆ ದೇಶಕ್ಕೆ ಹೊಸ ಸಾಲ ಸಿಗುವುದು ಕಷ್ಟ, ಆಸ್ಪತ್ರೆ ಶಾಲೆಗೆ ದುಡ್ಡಿಲ್ಲ.

ನ್ಯಾಯವಾಗಿ ಹೇಳಬೇಕು ಅಂದರೆ, ಜಾಂಬಿಯಾದ ಬಾಂಡ್ ಹಿಡಿದವರು ದಾರಿಗೆ ಬಂದದ್ದು ಇನ್ನೂ ತಡವಾಗಿ, 2024ರಲ್ಲಿ. ಪಶ್ಚಿಮದ ಫಂಡ್‌ಗಳ ಬಗ್ಗೆ ಯಾರೂ "ಬಲೆ" ಅನ್ನುವುದಿಲ್ಲ.

ಎರಡನೇಬೆಂಚು

ಸಾರ್ ಇದನ್ನ ಪಾಠದಲ್ಲಿ ಯಾರೂ ಹೀಗೆ ಹೇಳಲಿಲ್ಲ. ಶ್ರೀಲಂಕಾ ವಿಷಯದಲ್ಲಿ ನಮ್ಮವರು ಏನು ಮಾಡಿದರು?

ಬಡ್ಡಿಲೆಕ್ಕ

ಅಲ್ಲಿ ನಮ್ಮದು ಚೆನ್ನಾಗಿತ್ತು ಅಂತಲೇ ಹೇಳುತ್ತೇನೆ. 2022ರಲ್ಲಿ ಸುಮಾರು 400 ಕೋಟಿ ಡಾಲರ್ ನೆರವು. 2023ರ ಜನವರಿಯಲ್ಲಿ ಐಎಂಎಫ್‌ಗೆ "ನಮ್ಮ ಸಾಲದ ಷರತ್ತು ಸಡಿಲಿಸುತ್ತೇವೆ" ಅಂತ ಎಲ್ಲರಿಗಿಂತ ಮೊದಲು ಬರೆದುಕೊಟ್ಟದ್ದು ಭಾರತ. ಮೊದಲು ಒಬ್ಬ ಬರೆದುಕೊಟ್ಟರೆ ಉಳಿದವರ ಮೇಲೆ ಒತ್ತಡ ಬೀಳುತ್ತದೆ. ಮಾರ್ಚ್‌ನಲ್ಲಿ ಐಎಂಎಫ್ ಸಾಲ ಮಂಜೂರಾಯಿತು. ಆಮೇಲೆ ಜಪಾನ್, ಫ್ರಾನ್ಸ್ ಜೊತೆ ಸೇರಿ ಸಾಲ ಕೊಟ್ಟವರ ಸಮಿತಿಯ ಅಧ್ಯಕ್ಷತೆ ಹಂಚಿಕೊಂಡೆವು. ಚೀನಾ ಆ ಸಮಿತಿಗೆ ಬರಲಿಲ್ಲ, ಬೇರೆ ಕೂತು ಬೇರೆ ಒಪ್ಪಂದ ಮಾಡಿಕೊಂಡಿತು.

ಒಂದು ತಿದ್ದುಪಡಿ: ಮೇಲಿನ ಪೋಸ್ಟ್‌ನಲ್ಲಿ "ಸರ್ಕಾರಿ ಸಾಲಗಾರರು" ಅಂದದ್ದು ಸಾಲ ಕೊಟ್ಟವರು ಅನ್ನುವ ಅರ್ಥದಲ್ಲಿ. ಕನ್ನಡದಲ್ಲಿ ಈ ಪದ ಎರಡು ಕಡೆಗೂ ಎಳೆಯುತ್ತದೆ, ಬ್ಯಾಂಕಿನಲ್ಲಿದ್ದಾಗಲೂ ಇದೇ ಗೋಳು.

ಲ್ಯಾಬ್‌ಕೋಟು

ತಡವಾಗಿ ಬಂದೆ, ಎಲ್ಲ ಓದಿದೆ. ನಾನು ಸೂಕ್ಷ್ಮಜೀವಿ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿದ್ದೇನೆ, ಹಾಗಾಗಿ ಕೊರೊನಾ ಬಗ್ಗೆ ಯಾರಾದರೂ ಎತ್ತುತ್ತಾರಾ ಅಂತ ಕಾಯುತ್ತಿದ್ದೆ.

2020ರ ಜನವರಿ 11ರಂದು ಚೀನಾದ ವಿಜ್ಞಾನಿ ಝಾಂಗ್ ಯೊಂಗ್‌ಝೆನ್ ಅವರ ತಂಡ ವೈರಸ್ಸಿನ ಪೂರ್ತಿ ವಂಶವಾಹಿ ಅನುಕ್ರಮವನ್ನು ಎಲ್ಲರೂ ನೋಡುವ ಹಾಗೆ ಇಂಟರ್‌ನೆಟ್‌ಗೆ ಹಾಕಿತು. ಜಗತ್ತಿನ ಎಷ್ಟೋ ಪರೀಕ್ಷೆ, ಎಷ್ಟೋ ಲಸಿಕೆ ಶುರುವಾಗಿದ್ದು ಆ ಒಂದು ಫೈಲ್‌ನಿಂದ. ಮಾರನೇ ದಿನ ಅವರ ಲ್ಯಾಬ್ ಅನ್ನು "ಸುಧಾರಣೆ"ಗೆ ಅಂತ ಮುಚ್ಚಿಸಿದರು. ಒಂದೇ ದೇಶ, ಎರಡು ದಿನ. ಯಾವುದನ್ನು ಚೀನಾ ಅಂತ ಕರೆಯೋಣ? ನನಗಂತೂ ಆ ತಂಡವೇ.

ವೈರಸ್ ಎಲ್ಲಿಂದ ಬಂತು ಅಂತ ನೋಡಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ತಜ್ಞರ ಗುಂಪು 2025ರ ಜೂನ್‌ನಲ್ಲಿ ವರದಿ ಕೊಟ್ಟಿತು. ಕೇಳಿದ ಮಾಹಿತಿಯನ್ನು ಚೀನಾ ಪೂರ್ತಿ ಕೊಟ್ಟಿಲ್ಲ, ಹಾಗಾಗಿ ಯಾವ ಸಾಧ್ಯತೆಯನ್ನೂ ತಳ್ಳಿಹಾಕಲು ಆಗುವುದಿಲ್ಲ ಅಂತ. ಐದು ವರ್ಷ ಆದಮೇಲೂ.

ಇಲ್ಲಿಯವರೆಗೆ ಹಳೇರೇಡಿಯೊ ಸರ್ ಜೊತೆ ನಾನೂ ಇದ್ದೇನೆ. ಆದರೆ "ಲೆಕ್ಕ ತೋರಿಸಲಿ" ಅನ್ನುವ ಮುಂಚೆ ತೋರಿಸಿದವರಿಗೆ ಏನಾಯಿತು ಅಂತಲೂ ನೋಡಬೇಕು. 2021ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಒಮೈಕ್ರಾನ್ ಬಗ್ಗೆ ತಕ್ಷಣ ಜಗತ್ತಿಗೆ ಹೇಳಿದರು. ಪ್ರಾಮಾಣಿಕರು ಅಂತ ಯಾರಾದರೂ ಬೆನ್ನು ತಟ್ಟಿದರಾ? ವಿಮಾನ ನಿಲ್ಲಿಸಿದರು. 2007ರಲ್ಲಿ ಇಂಡೊನೇಷ್ಯಾ ಹಕ್ಕಿಜ್ವರದ ಸ್ಯಾಂಪಲ್ ಕೊಡುವುದಿಲ್ಲ ಎಂದಿತ್ತು. ನಮ್ಮ ವೈರಸ್ ತಗೊಂಡು ಲಸಿಕೆ ಮಾಡುತ್ತೀರಿ, ಆಮೇಲೆ ನಮಗೇ ಕೈಗೆಟುಕದ ಬೆಲೆಗೆ ಮಾರುತ್ತೀರಿ ಅನ್ನುವುದು ಅವರ ತಕರಾರು. ತಪ್ಪಾ ಅದು? 2025ರ ಮೇನಲ್ಲಿ ಒಪ್ಪಿದ ಸಾಂಕ್ರಾಮಿಕ ಒಪ್ಪಂದದಲ್ಲೂ ಇದೇ ಭಾಗ ಗಂಟು ಬಿದ್ದು, ಸ್ಯಾಂಪಲ್ ಹಂಚಿಕೊಂಡವರಿಗೆ ಲಸಿಕೆಯಲ್ಲಿ ಎಷ್ಟು ಪಾಲು ಅನ್ನುವುದನ್ನು ಆಮೇಲೆ ಅನುಬಂಧದಲ್ಲಿ ಬರೆಯೋಣ ಅಂತ ಮುಂದೆ ಹಾಕಿದರು.

ಹಳೇರೇಡಿಯೊ

ಮೇಡಂ, ಈ ಮಾತು ನನ್ನ ವಾದಕ್ಕೆ ಸರಿಯಾದ ಪೆಟ್ಟು. ಓಝೋನ್ ಕಥೆಯಲ್ಲಿ ಲೆಕ್ಕ ತೋರಿಸಿದವರಿಗೆ ನಿಧಿಯಿಂದ ಹಣ ಬರುತ್ತಿತ್ತು. ವೈರಸ್ ಕಥೆಯಲ್ಲಿ ಲೆಕ್ಕ ತೋರಿಸಿದವರಿಗೆ ವಿಮಾನ ಬಂದ್. ಯಾಕೆ ಒಂದು ನಡೆಯಿತು, ಇನ್ನೊಂದು ಕೆಟ್ಟಿತು ಅಂತ ನಾನು ಚೀನಾದ ಗುಣದಲ್ಲಿ ಹುಡುಕುತ್ತಿದ್ದೆ. ಒಪ್ಪಂದ ಹೇಗೆ ಹೆಣೆದಿದ್ದಾರೆ ಅನ್ನುವುದನ್ನೂ ನೋಡಬೇಕಿತ್ತು.

ಮೂಗುತೂರಿಸುವವ

ಒಟ್ಟಿನಲ್ಲಿ ಚೀನಾದ್ದು ಏನೂ ತಪ್ಪಿಲ್ಲ ಅಂತ ಆಯಿತಲ್ಲ? ಭೇಷ್.

ಲ್ಯಾಬ್‌ಕೋಟು

ಅಣ್ಣಾ, ಲ್ಯಾಬ್ ಮುಚ್ಚಿಸಿದ್ದು ತಪ್ಪು ಅಂತ ಈಗ ತಾನೇ ಬರೆದೆ. ದಯವಿಟ್ಟು ಪೂರ್ತಿ ಓದಿ.

ನೆರೆನೀರು

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಅಸ್ಸಾಂನಲ್ಲಿ ಕೆಲವು ವರ್ಷ ಇದ್ದೆ, ಮಳೆಗಾಲದಲ್ಲಿ ನದಿ ಮಟ್ಟ ನೋಡುವುದೇ ನನ್ನ ಕೆಲಸ. ಲೆಕ್ಕ ಕೊಡುವುದು, ಕೊಡದೇ ಇರುವುದು ಅಂದರೆ ಕೆಳಗೆ ಇರುವವರಿಗೆ ಏನು ಅಂತ ಹೇಳುತ್ತೇನೆ.

2000ನೇ ಇಸವಿಯ ಏಪ್ರಿಲ್‌ನಲ್ಲಿ ಟಿಬೆಟ್‌ನ ಯಿಗಾಂಗ್ ಹತ್ತಿರ ಗುಡ್ಡ ಕುಸಿದು ನದಿಗೆ ಅಡ್ಡ ಬಿತ್ತು. ಹಿಂದೆ ನೀರು ನಿಂತು ಕೆರೆ ಆಯಿತು. ಜೂನ್‌ನಲ್ಲಿ ಆ ಕಟ್ಟೆ ಒಡೆಯಿತು. ಕೆಳಗೆ ಅರುಣಾಚಲದಲ್ಲಿ ಜನ ಸತ್ತರು, ಸೇತುವೆಗಳು ಕೊಚ್ಚಿಹೋದವು. ಎರಡು ತಿಂಗಳು ಮೇಲೆ ನೀರು ತುಂಬುತ್ತಾ ಇತ್ತು ನೋಡಿ. ಅದಾದ ಮೇಲೆ, 2002ರಲ್ಲಿ, ಬ್ರಹ್ಮಪುತ್ರದ ಮಳೆಗಾಲದ ಮಟ್ಟವನ್ನು ಹೇಳುವ ಒಪ್ಪಂದ ಆಯಿತು. ನುಗೇಶಾ, ಯಾಂಗ್‌ಕುನ್, ನುಶಿಯಾ ಅಂತ ಮೂರು ಕೇಂದ್ರಗಳು. ಸಟ್ಲೆಜ್‌ಗೆ ನೀರು ಸೇರಿಸುವ ಪಾರೆಚು ಹೊಳೆಯಲ್ಲಿ 2004ರಲ್ಲಿ ಹೀಗೇ ಕೆರೆ ಆಗಿ, 2005ರ ಜೂನ್‌ನಲ್ಲಿ ಹಿಮಾಚಲಕ್ಕೆ ನೆರೆ ಬಂತು. ಆ ನೆರೆಗೆ ಸ್ವಲ್ಪ ಮುಂಚೆ, ಏಪ್ರಿಲ್‌ನಲ್ಲಿ, ಸಟ್ಲೆಜ್‌ಗೂ ಒಪ್ಪಂದ ಆಗಿತ್ತು. ಪ್ರತಿ ಸಲ ಅಪಾಯ ಎದುರಿಗೆ ಬಂದ ಮೇಲೇ ಕಾಗದ.

2017ರಲ್ಲಿ ಎರಡೂ ದೇಶದ ಸೇನೆ ಎದುರುಬದುರು ನಿಂತ ಡೋಕ್ಲಾಂ ಬಿಕ್ಕಟ್ಟು ನಡೆಯಿತಲ್ಲ, ಆ ಮಳೆಗಾಲ ಪೂರ್ತಿ ಮೇಲಿನಿಂದ ಒಂದು ಅಂಕಿ ಬರಲಿಲ್ಲ. ಕೇಂದ್ರಗಳ ದುರಸ್ತಿ ನಡೆಯುತ್ತಿದೆ ಎಂದರು. ಅದೇ ನದಿಯ ಅಂಕಿ ಬಾಂಗ್ಲಾದೇಶಕ್ಕೆ ಹೋಗುತ್ತಿತ್ತು ಅಂತ ಆಮೇಲೆ ಸುದ್ದಿಯಲ್ಲಿ ಬಂತು. ನಮ್ಮ ಪಟ್ಟಿಯಲ್ಲಿ ಮೂರು ಕಾಲಂ ಖಾಲಿ. ಬೆಳಿಗ್ಗೆ ಎದ್ದು ಖಾಲಿ ಕಾಲಂ ಪ್ರಿಂಟ್ ತೆಗೆಯುತ್ತಿದ್ದೆವು, ಫಾರ್ಮ್ಯಾಟ್ ಬದಲಿಸಲು ಮೇಲಿನವರ ಸಹಿ ಬೇಕಿತ್ತು. ನಗು ಬರುತ್ತದೆ ಈಗ.

ಒಂದು ಮಾತು ಸೇರಿಸಬೇಕು. ಅಣೆಕಟ್ಟು ಕಟ್ಟಿ ಬ್ರಹ್ಮಪುತ್ರವನ್ನು ಒಣಗಿಸಿಬಿಡುತ್ತಾರೆ ಅನ್ನುವ ಮೆಸೇಜ್‌ಗಳನ್ನು ನಂಬಬೇಡಿ. ಆ ನದಿಯ ಬಹುಪಾಲು ನೀರು ನಮ್ಮ ಗಡಿಯೊಳಗಿನ ಮಳೆ, ಉಪನದಿಗಳಿಂದ ಬರುವುದು. 2025ರ ಜುಲೈನಲ್ಲಿ ಟಿಬೆಟ್‌ನ ಮೆಡೊಗ್‌ನಲ್ಲಿ ಶುರು ಮಾಡಿದ್ದಾರಲ್ಲ, ಸುಮಾರು 1.2 ಲಕ್ಷ ಕೋಟಿ ಯುವಾನ್‌ನ ಅಣೆಕಟ್ಟು ಯೋಜನೆ, ಅದರ ಬಗ್ಗೆ ನನ್ನ ಚಿಂತೆ ನೀರು ಕಡಿಮೆ ಆಗುವುದಲ್ಲ. ಯಾವ ರಾತ್ರಿ ಎಷ್ಟು ಬಿಡುತ್ತಾರೆ ಅಂತ ಗೊತ್ತಾಗದೇ ಇರುವುದು. ಅದು ಭೂಕಂಪದ ಜಾಗ ಬೇರೆ.

ಎರಡನೇಬೆಂಚು

ಇದಕ್ಕೆ ಅಂತರರಾಷ್ಟ್ರೀಯ ಕಾನೂನು ಇಲ್ಲವಾ?

ನೆರೆನೀರು

ಇದೆ. ಹಲವು ದೇಶಗಳಲ್ಲಿ ಹರಿಯುವ ನದಿಗಳ ಬಗ್ಗೆ 1997ರಲ್ಲಿ ವಿಶ್ವಸಂಸ್ಥೆ ಒಂದು ಒಪ್ಪಂದ ಮಾಡಿತು. ವಿರುದ್ಧ ಮತ ಹಾಕಿದ್ದು ಮೂರೇ ದೇಶ: ಚೀನಾ, ಟರ್ಕಿ, ಬುರುಂಡಿ. ಭಾರತ ಮತ ಹಾಕದೆ ತಟಸ್ಥವಾಗಿ ಕೂತಿತು. ಯಾಕೆ ಅಂತ ನಕ್ಷೆ ನೋಡಿದರೆ ತಿಳಿಯುತ್ತದೆ. ಒಂದು ಕಡೆ ನಾವು ಕೆಳಗಿನವರು, ಇನ್ನೊಂದು ಕಡೆ ಮೇಲಿನವರು.

ಬಿಸಿಲುಕೋಲು

ಅಂದರೆ ಸಿಂಧೂ?

ನೆರೆನೀರು

ಹೌದು. ಪಹಲ್ಗಾಮ್ ದಾಳಿ ಆದಮೇಲೆ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಸಿಂಧೂ ನೀರಿನ ಒಪ್ಪಂದವನ್ನು ಅಮಾನತಿನಲ್ಲಿ ಇಟ್ಟೆವು. ಆ ದಾಳಿ ನೋಡಿದ ಯಾರಿಗೂ ಕೋಪ ಬರದೇ ಇರದು, ನನಗೂ ಬಂತು. ಆದರೆ ಆಗಸ್ಟ್‌ನಲ್ಲಿ ತಾವಿ ನದಿ ಉಕ್ಕಿದಾಗ ನಮ್ಮ ಸರ್ಕಾರ ಪಾಕಿಸ್ತಾನಕ್ಕೆ ನೆರೆ ಎಚ್ಚರಿಕೆ ಕಳಿಸಿತು. ಒಪ್ಪಂದದ ಆಯೋಗದ ಮೂಲಕ ಕಳಿಸಲಿಲ್ಲ, ಹೈಕಮಿಷನ್ ಮೂಲಕ, ಮಾನವೀಯ ದೃಷ್ಟಿಯಿಂದ ಅಂತ.

ಮೂಗುತೂರಿಸುವವ

ಅವರನ್ನು ನಮ್ಮ ಜೊತೆ ಹೋಲಿಸಬೇಡಿ. ನಾವು ಭಯೋತ್ಪಾದನೆ ಮಾಡಿಸುವುದಿಲ್ಲ.

ನೆರೆನೀರು

ಹೋಲಿಸುತ್ತಿಲ್ಲ ಸರ್. ಕಾರಣ ಬೇರೆ, ನಾನು ಒಪ್ಪುತ್ತೇನೆ. ಕಳಿಸಿದ್ದು ಒಳ್ಳೆಯದೇ ಆಯಿತು ಅಂತ ನನ್ನ ಭಾವನೆ. ನಾನು ನೋಡುತ್ತಿರುವುದು ಕೆಳಗೆ ಕೂತವನ ಪಟ್ಟಿ ಮಾತ್ರ.

ಹಳೇರೇಡಿಯೊ

ನಾನು ಚೀನಾ ಬಗ್ಗೆ ಅಂತ ಶುರು ಮಾಡಿದೆ. ಈಗ ನಮ್ಮ ಬಗ್ಗೆಯೂ ಬಂತು, ಬರಲೇಬೇಕಿತ್ತು ಅನಿಸುತ್ತದೆ, ನಾವೂ ಬೆಳೆಯುತ್ತಿರುವವರೇ ಅಲ್ವಾ. ಮಾಂಟ್ರಿಯಲ್ ಒಪ್ಪಂದಕ್ಕೆ ಕಿಗಾಲಿಯಲ್ಲಿ ಮಾಡಿದ ತಿದ್ದುಪಡಿಯಲ್ಲಿ ಚೀನಾ ಎಚ್‌ಎಫ್‌ಸಿ ಅನಿಲಗಳನ್ನು (ಫ್ರಿಜ್, ಎಸಿಗಳಲ್ಲಿ ಬಳಸುವಂಥವು) ಇನ್ನು ಹೆಚ್ಚಾಗದ ಹಾಗೆ 2024ಕ್ಕೇ ನಿಲ್ಲಿಸಬೇಕಿತ್ತು, ನಾವು 2028ಕ್ಕೆ. ಆಗ ನಮ್ಮ ಕಡೆ ಬೀಸುವ ಗಾಳಿಯನ್ನೂ ಯಾರೋ ದೂರದಲ್ಲಿ ಅಳೆಯುತ್ತಿರುತ್ತಾರೆ. ಬಿಸಿಲುಕೋಲು ಅವರು ಕೇಳಿದ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. ಲೆಕ್ಕವೇ ತೋರಿಸದೆ, ಬರೀ ಲಾಭಕ್ಕೆ ಮಾಡಿದ ಕೆಲಸ ಜಗತ್ತಿಗೆ ಇಷ್ಟು ಉಪಯೋಗ ಆಗಿದ್ದು ನನ್ನ ವಾದದೊಳಗೆ ಎಲ್ಲೂ ಕೂರುತ್ತಿಲ್ಲ.

ಬಿಸಿಲುಕೋಲು

ಕೂರಬೇಕಾಗಿಲ್ಲ ಬಿಡಿ. ಆದರೆ ಅಷ್ಟೂ ಒಂದೇ ದೇಶದ ಕೈಯಲ್ಲಿ ಇರುವುದು ನನಗೂ ಭಯವೇ. 2025ರ ಏಪ್ರಿಲ್‌ನಲ್ಲಿ ಅಪರೂಪದ ಖನಿಜಗಳ ರಫ್ತಿಗೆ ಲೈಸೆನ್ಸ್ ಬೇಕು ಅಂದಾಗ ನಮ್ಮ ಎಲೆಕ್ಟ್ರಿಕ್ ಗಾಡಿ ಮಾಡುವವರು ಆಯಸ್ಕಾಂತ ಇಲ್ಲದೆ ಪರದಾಡಿದರು. ನಾಳೆ ಪ್ಯಾನೆಲ್‌ಗೂ ಹಾಗೆ ಅಂದರೆ? ನಮ್ಮಲ್ಲಿ 2022ರಿಂದ ಹೊರಗಿನ ಪ್ಯಾನೆಲ್ ಮೇಲೆ ಶೇ 40 ಸುಂಕ ಹಾಕಿದಾಗ ನಾನು ಬೈದಿದ್ದೆ. ಈಗ ಸ್ವಲ್ಪ ಕಡಿಮೆ ಬೈಯುತ್ತೇನೆ.

ಎರಡನೇಬೆಂಚು

ನೆರೆನೀರು ಅಣ್ಣಾ, ಆ ಮೂರು ಕಾಲಂ ಈಗ ತುಂಬುತ್ತಿವೆಯಾ?

ನೆರೆನೀರು

2018ರಲ್ಲಿ ಮತ್ತೆ ಶುರುವಾಯಿತು. ಆಮೇಲೆ ಒಪ್ಪಂದದ ಅವಧಿ 2023ರಲ್ಲಿ ಮುಗಿಯಿತು. 2025ರ ಆಗಸ್ಟ್‌ನಲ್ಲಿ ಅವರ ವಿದೇಶಾಂಗ ಸಚಿವರು ದೆಹಲಿಗೆ ಬಂದಾಗ, ತುರ್ತು ಪರಿಸ್ಥಿತಿ ಇದ್ದರೆ ಮಾನವೀಯ ದೃಷ್ಟಿಯಿಂದ ಹೇಳುತ್ತೇವೆ ಎಂದರು. ನಾವು ತಾವಿಗೆ ಬಳಸಿದ ಮಾತೇ. ತುರ್ತು ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಮೇಲೆ ಕೂತವರು. ನಾನು ಈಗ ಆ ಕೆಲಸದಲ್ಲಿಲ್ಲ. ಅಲ್ಲಿರುವ ಹುಡುಗನಿಗೆ ಒಂದು ಮೆಸೇಜ್ ಹಾಕಿದ್ದೇನೆ, ಕಾಲಂ ಇದೆಯೋ ತೆಗೆದರೋ ಅಂತ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.